ಎಂಎಸ್ ಸುಸ್ತು: ಸ್ಕ್ಯಾನ್‌ನಲ್ಲಿ ಹೊಸದೇನೂ ಇಲ್ಲವಂತೆ, ಹಾಗಾದರೆ ಇದು ಎಲ್ಲಿಂದ ಬರುತ್ತಿದೆ?

ತುಂಬೆಹೂವು

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು ಬೆನ್ನುಹುರಿಯ ನರಗಳ ಕಾಯಿಲೆ) ಅಂತ ಗೊತ್ತಾಗಿ ಆರು ವರ್ಷ ಆಯಿತು. ಬಂದು ಹೋಗಿ ಮಾಡುವ ಬಗೆಯದ್ದು. ಎರಡು ವರ್ಷದಿಂದ ಹೊಸ ಅಟ್ಯಾಕ್ ಆಗಿಲ್ಲ. ಹೋದ ತಿಂಗಳು ಎಂಆರ್‌ಐ ಮಾಡಿಸಿದೆ, ಹೊಸ ಕಲೆ ಒಂದೂ ಇಲ್ಲ. "ತುಂಬಾ ಚೆನ್ನಾಗಿದ್ದೀರಿ" ಅಂದರು ಡಾಕ್ಟರು. ಹೊರಗೆ ಬಂದು ಲಿಫ್ಟ್ ಹತ್ತಿರ ನಿಂತು ಅತ್ತೆ. ಖುಷಿಗಲ್ಲ.

ನಿನ್ನೆ ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದು ಗಂಟೆ. ಕುಕ್ಕರ್‌ನಲ್ಲಿ ಬೇಳೆ ಇಟ್ಟಿದ್ದೆ, ಮೂರು ವಿಷಲ್‌ಗೆ ಆರಿಸಬೇಕು. ಎರಡನೇ ವಿಷಲ್ ಆಯಿತು. ಹುಣಸೆಹಣ್ಣು ಕಿವುಚುತ್ತಾ ನಿಂತಿದ್ದೆ. ಬೆರಳು ಆ ನೀರಿನಲ್ಲೇ ನಿಂತುಬಿಟ್ಟವು. ನೋವಿಲ್ಲ, ತಲೆಸುತ್ತಿಲ್ಲ, ನಿದ್ದೆಯೂ ಬರುತ್ತಿಲ್ಲ. ಮೈಮೇಲೆ ಯಾರೋ ನೆನೆದ ಕಂಬಳಿ ಹೊದಿಸಿದ ಹಾಗೆ. ಹಾಗೇ ನೆಲದ ಮೇಲೆ ಕೂತೆ. ಕುಕ್ಕರ್ ಕೂಗುತ್ತಲೇ ಇತ್ತು. ಎಷ್ಟನೆಯದು ಅಂತ ಲೆಕ್ಕ ತಪ್ಪಿತು. ಸ್ಟವ್ ಕೈಗೆಟುಕುವ ದೂರದಲ್ಲೇ ಇತ್ತು, ಕೈ ಏಳಲಿಲ್ಲ. ಅತ್ತೆ ಬಂದು ಆರಿಸಿದರು. "ಮೊನ್ನೆ ಮದುವೆ ಮನೆಯಲ್ಲಿ ಅಷ್ಟು ಓಡಾಡಿಕೊಂಡಿದ್ದೆಯಲ್ಲಮ್ಮಾ" ಅಂದರು. ಬೈಗುಳವಲ್ಲ, ಅವರಿಗೆ ನಿಜವಾಗಲೂ ಅರ್ಥವಾಗುತ್ತಿಲ್ಲ. ನನಗೂ ಇಲ್ಲ.

ಧೈರ್ಯವಾಗಿರಿ, ಪಾಸಿಟಿವ್ ಆಗಿ ಯೋಚನೆ ಮಾಡಿ ಅಂತ ದಯವಿಟ್ಟು ಬರೆಯಬೇಡಿ. ಒಳಗೆ ಏನು ಕೆಡುತ್ತದೆ ಅನ್ನುವುದು ನನಗೆ ಬೇಕು. ಹೊಸ ಗಾಯ ಇಲ್ಲದೆ ಇಷ್ಟು ಸುಸ್ತು ಹೇಗೆ ಸಾಧ್ಯ?

ಕಾವೇರಿತೀರ

ಅಕ್ಕಾ, ನನ್ನ ಹೆಂಡತಿಗೂ ಇದೇ ಕಾಯಿಲೆ. ಮೊದಲ ಎರಡು ವರ್ಷ ನಾನೇ ಅವಳನ್ನು ಸೋಮಾರಿ ಅಂದುಕೊಂಡಿದ್ದೆ. ಬಾಯಿಬಿಟ್ಟು ಅಂದಿಲ್ಲ, ಆದರೆ ಅವಳಿಗೆ ಗೊತ್ತಾಗುತ್ತಿತ್ತು. ಉತ್ತರ ಯಾರಾದರೂ ಬರೆದರೆ ನಾನೂ ಓದುತ್ತೇನೆ.

ಒಗ್ಗರಣೆ

ರಾಗಿ ಗಂಜಿ ಕುಡೀರಿ ಅಕ್ಕ, ಬೆಳಿಗ್ಗೆ ಬೆಳಿಗ್ಗೆ. ನಮ್ಮಜ್ಜಿ 90ಕ್ಕೂ ಗಟ್ಟಿ ಇದ್ದರು.

ತುಂಬೆಹೂವು

ದಿನಾ ಕುಡಿಯುತ್ತೇನೆ. ಗಂಜಿ ಚೆನ್ನಾಗಿಯೇ ಇರುತ್ತದೆ, ಸುಸ್ತೂ ಚೆನ್ನಾಗಿಯೇ ಇದೆ 🙂

ಹಳೇಮೇಷ್ಟ್ರು

ತಾಯಿ, ನಾನು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ರೋಗಿಗಳನ್ನು ನೋಡುವ ಡಾಕ್ಟರಲ್ಲ. ಆದ್ದರಿಂದ ನರದ ಒಳಗಿನ ಮಾತು ಮಾತ್ರ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. "ಹೊಸ ಕಲೆ ಇಲ್ಲ" ಅಂದರೆ ಹೊಸದಾಗಿ ಉರಿ ಬಿದ್ದ ಜಾಗ ಕಾಣುತ್ತಿಲ್ಲ ಅಂತ ಅಷ್ಟೇ. ಹಳೇ ಜಾಗ ರಿಪೇರಿ ಆಗಿದೆ ಅಂತಲ್ಲ.

ನರದ ತಂತುವಿನ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಉದ್ದಕ್ಕೂ ಒಂದೇ ಸಮ ಅಲ್ಲ, ಮಧ್ಯೆ ಮಧ್ಯೆ ಸಣ್ಣ ಸಂದು ಬಿಟ್ಟಿರುತ್ತದೆ. ಸೋಡಿಯಂ ಒಳಗೆ ಬರುವ ಬಾಗಿಲುಗಳು ಹೆಚ್ಚಾಗಿ ಆ ಸಂದುಗಳಲ್ಲೇ ಗುಂಪಾಗಿರುತ್ತವೆ. ಸಂಕೇತವು ಸಂದಿನಿಂದ ಸಂದಿಗೆ ಜಿಗಿದುಕೊಂಡು ಹೋಗುತ್ತದೆ. ಬೇಗ ಹೋಗುತ್ತದೆ, ಖರ್ಚೂ ಕಡಿಮೆ.

ಎಂಎಸ್‌ನಲ್ಲಿ ದೇಹದ ರಕ್ಷಣಾ ಪಡೆಯೇ ಈ ಹೊದಿಕೆಯನ್ನು ಕಿತ್ತುಹಾಕುತ್ತದೆ. ಆಗ ಜಿಗಿತ ನಿಲ್ಲುತ್ತದೆ. ನರವೂ ಸುಮ್ಮನೆ ಕೂರುವುದಿಲ್ಲ. ಹೊದಿಕೆ ಹೋದ ಉದ್ದಕ್ಕೂ ಹೊಸ ಸೋಡಿಯಂ ಬಾಗಿಲುಗಳನ್ನು ಹಾಕಿಕೊಳ್ಳುತ್ತದೆ. ಸಂಕೇತ ಜಿಗಿಯುವ ಬದಲು ತೆವಳಿಕೊಂಡಾದರೂ ಮುಂದೆ ಹೋಗಲಿ ಅಂತ. ಅಟ್ಯಾಕ್ ಆದ ಮೇಲೆ ಎಷ್ಟೋ ಜನಕ್ಕೆ ಕಾಲು, ಕಣ್ಣು ಮರಳಿ ಬರುವುದಕ್ಕೆ ಇದೂ ಒಂದು ಕಾರಣ. ಆದರೆ ಪುಕ್ಕಟೆ ಅಲ್ಲ.

ಒಳಗೆ ಬಂದ ಸೋಡಿಯಂ ಎಲ್ಲವನ್ನೂ ಹೊರಗೆ ಹಾಕಲೇಬೇಕು. ಅದಕ್ಕೊಂದು ಪಂಪ್ ಇದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಪ್ರತಿ ಸಲಕ್ಕೂ ಒಂದು ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ನಾಣ್ಯ, ಖರ್ಚು. ಬಾಗಿಲು ಜಾಸ್ತಿ ಆದಷ್ಟೂ ಪಂಪ್ ಜಾಸ್ತಿ ಓಡಬೇಕು. ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ 2 ಭಾಗ, ಆದರೆ ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20 ಭಾಗ ಅದೊಂದೇ ತಿನ್ನುತ್ತದೆ. ಮೊದಲೇ ದುಬಾರಿ ಸಂಸಾರ, ಅದರ ಮೇಲೆ ಈ ಸೋರಿಕೆ. ಎಟಿಪಿ ತಯಾರಿಸುವ ಮೈಟೋಕಾಂಡ್ರಿಯಾಗಳೂ ಈ ಕಾಯಿಲೆಯಲ್ಲಿ ಏಟು ತಿಂದಿರುತ್ತವೆ. ಉರಿಯೂತದ ಜಾಗದಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಅವುಗಳ ಕೆಲಸಕ್ಕೆ ಅಡ್ಡ ಬರುತ್ತದೆ. ಖರ್ಚು ಏರಿತು, ಸಂಪಾದನೆ ಇಳಿಯಿತು.

ಹೊರಗಿನಿಂದ ನೋಡಿದರೆ ನೀವು ಹುಣಸೆಹಣ್ಣು ಕಿವುಚುತ್ತಿದ್ದಿರಿ ಅಷ್ಟೇ. ಒಳಗೆ ಆ ಕೆಲಸಕ್ಕೆ ಪಕ್ಕದ ಮನೆಯವರಿಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದೀರಿ.

ಕಾವೇರಿತೀರ

ಮೇಷ್ಟ್ರೇ, ನನಗೆ ನಮ್ಮ ಊರಿನ ವಿ.ಸಿ. ನಾಲೆಯೇ ಕಣ್ಣ ಮುಂದೆ ಬಂತು. ನಾಲೆ ಏರಿ ಬಿರುಕು ಬಿಟ್ಟರೆ ಮೇಲಿನ ಗದ್ದೆಗೆ ಏನೂ ಗೊತ್ತಾಗುವುದಿಲ್ಲ. ಒಣಗುವುದು ಕೊನೆಯ ಗದ್ದೆ. ನನ್ನ ಹೆಂಡತಿಗೂ ಮೊದಲು ಹೋಗುವುದು ಕಾಲೇ.

ಇನ್ನೊಂದು ಕೇಳಬೇಕು. ಹೋದ ದೀಪಾವಳಿಗೆ ನರಕ ಚತುರ್ದಶಿ ದಿನ ಎಣ್ಣೆ ಹಚ್ಚಿ ಹಂಡೆ ನೀರು ಹಾಕಿದರು. ಬಿಸಿ ಅಂದರೆ ಬಿಸಿ. ಬಚ್ಚಲಿನಿಂದ ಹೊರಗೆ ಬರುವಾಗ ಅವಳಿಗೆ ಎಡಗಣ್ಣು ಮಂಜಾಗಿತ್ತು, ಕಾಲು ಹತ್ತಿಯಾಗಿತ್ತು. ಹೊಸ ಅಟ್ಯಾಕ್ ಅಂತ ಹಬ್ಬದ ದಿನವೇ ಕಾರು ಹುಡುಕಿಕೊಂಡು ಓಡಿದೆವು. ಆಸ್ಪತ್ರೆ ಬಾಗಿಲು ಮುಟ್ಟುವ ಹೊತ್ತಿಗೆ ಎಲ್ಲ ಸರಿಹೋಗಿತ್ತು! ಅಲ್ಲಿದ್ದವರು ನಮ್ಮನ್ನು ನಾಟಕದವರ ಹಾಗೆ ನೋಡಿದರು. ಅದೇನದು?

ಹಳೇಮೇಷ್ಟ್ರು

ಅದಕ್ಕೆ ಹೆಸರೇ ಇದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟಾಫ್ 1890ರಲ್ಲಿ ಬರೆದಿಟ್ಟರು. ಮೈ ದಣಿದಾಗ ಕೆಲವು ಎಂಎಸ್ ರೋಗಿಗಳ ದೃಷ್ಟಿ ಮಂಜಾಗಿ, ವಿಶ್ರಾಂತಿ ತೆಗೆದುಕೊಂಡರೆ ಮರಳುತ್ತಿತ್ತು. ಕಾರಣ ದಣಿವಲ್ಲ, ಮೈ ಬಿಸಿಯೇರುವುದು ಅಂತ ಆಮೇಲೆ ಗೊತ್ತಾಯಿತು. ಎಂಆರ್‌ಐ ಇಲ್ಲದ ಕಾಲದಲ್ಲಿ ಡಾಕ್ಟರುಗಳು ಶಂಕೆ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ನಿಮ್ಮ ಹಂಡೆ ಅದೇ ಕೆಲಸ ಮಾಡಿದೆ.

ಬಿಸಿಯಾದಾಗ ಸೋಡಿಯಂ ಬಾಗಿಲುಗಳು ಬೇಗ ಮುಚ್ಚಿಕೊಳ್ಳುತ್ತವೆ. ಒಳಗೆ ಬರುವ ಕರೆಂಟು ಕಡಿಮೆಯಾಗುತ್ತದೆ. ಹೊದಿಕೆ ಗಟ್ಟಿ ಇರುವ ನರಕ್ಕೆ ಇದು ಲೆಕ್ಕಕ್ಕಿಲ್ಲ, ಅದರ ಕೈಯಲ್ಲಿ ಬೇಕಾದ್ದಕ್ಕಿಂತ ಹಲವು ಪಟ್ಟು ಇರುತ್ತದೆ. ಹೊದಿಕೆ ಹೋದ ನರ ಅಂಚಿನಲ್ಲೇ ನಡೆಯುತ್ತಿರುತ್ತದೆ. ಅರ್ಧ ಡಿಗ್ರಿ ಏರಿದರೂ ಸಂಕೇತ ಅಲ್ಲೇ ನಿಲ್ಲಬಹುದು. ಮೈ ತಣ್ಣಗಾದರೆ ಮತ್ತೆ ಹರಿಯುತ್ತದೆ. ಹೊಸ ಗಾಯ ಆಗಿರುವುದಿಲ್ಲ, ನಾಟಕವೂ ಅಲ್ಲ.

ತಾಯಿ, ಹನ್ನೊಂದು ಗಂಟೆಗೆ ನಿಮ್ಮ ಅಡುಗೆಮನೆ ಎಷ್ಟು ಬಿಸಿ ಇರುತ್ತದೆ?

ತುಂಬೆಹೂವು

ಮೇಲಿನ ಮಹಡಿ, ಮೇಲೆ ತಾರಸಿ. ಪೂರ್ವಕ್ಕೆ ಕಿಟಕಿ. ಎರಡು ಒಲೆ ಉರಿಯುತ್ತಿರುತ್ತವೆ. ಇದನ್ನು ನಾನು ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಡಬ್ಲಿನ್‌ಕನ್ನಡಿಗ

ನಾನೂ ಎಂಎಸ್‌ನವನೇ, ಹನ್ನೆರಡು ವರ್ಷವಾಯಿತು. ಮೇಷ್ಟ್ರ ಮಾತಿಗೆ ಒಂದು ತಕರಾರು. ನಾನಿರುವ ಊರಿನಲ್ಲಿ ವರ್ಷಕ್ಕೆ ಹತ್ತು ತಿಂಗಳು ಸ್ವೆಟರ್ ಬಿಚ್ಚುವ ಹಾಗಿಲ್ಲ. ಆದರೂ ಸುಸ್ತಿಗೆ ಕೊರತೆಯಿಲ್ಲ. ಹಾಗಾಗಿ ಬಿಸಿ ಒಂದೇ ಅಲ್ಲ.

ನನ್ನದೊಂದು ಅನುಭವ. ಶುರುವಿನಲ್ಲಿ ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಇಂಜೆಕ್ಷನ್ ಹಾಕಿಕೊಳ್ಳುತ್ತಿದ್ದೆ. ಸಂಜೆ ಹಾಕಿದರೆ ರಾತ್ರಿ ಫ್ಲೂ ಬಂದ ಹಾಗೆ ಚಳಿ, ಮೈಕೈ ನೋವು. ಮರುದಿನ ಏನೂ ಬೇಡ ಅನ್ನಿಸುವುದು. ಊಟ ಬೇಡ, ಮಾತು ಬೇಡ, ಟಿ.ವಿ. ಕೂಡ ಬೇಡ. ಆಗ ಹೊಳೆಯಿತು: ಈ ಇಂಜೆಕ್ಷನ್ ಇಲ್ಲದ ದಿನದ ಸುಸ್ತಿಗೂ ಇದಕ್ಕೂ ಮುಖ ಒಂದೇ. ಅಕ್ಕ ತಂಗಿಯರ ಹಾಗೆ.

ರಾತ್ರಿಪಾಳಿ

ಡಬ್ಲಿನ್ ಸರ್ ಸರಿಯಾದ ದಾರ ಹಿಡಿದಿದ್ದಾರೆ. ನಾನು ನರವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಜ್ವರ ಬಂದ ನಾಯಿಯನ್ನು ನೋಡಿದ್ದೀರಾ? ಮೂಲೆಯಲ್ಲಿ ಮುದುರಿ ಮಲಗುತ್ತದೆ, ತಟ್ಟೆ ಮೂಸುವುದಿಲ್ಲ, ಕರೆದರೆ ಬಾಲ ಮಾತ್ರ ಆಡಿಸುತ್ತದೆ. ಅದಕ್ಕೆ ಕಾಲಿನಲ್ಲಿ ಶಕ್ತಿ ಇಲ್ಲ ಅಂತಲ್ಲ. ರಕ್ಷಣಾ ಕಣಗಳು ಬಿಡುವ ಸೈಟೋಕೈನ್ ಅನ್ನುವ ರಾಸಾಯನಿಕಗಳು ಮಿದುಳಿಗೆ "ಈಗ ಓಡಾಟ ಬೇಡ, ಇರುವ ಶಕ್ತಿಯನ್ನು ಕಾಯಿಲೆ ಮೇಲೆ ಹಾಕು" ಅಂತ ಹೇಳುತ್ತವೆ. ಐಎಲ್-1, ಐಎಲ್-6, ಟಿಎನ್‌ಎಫ್ ಇವೇ ಮುಖ್ಯವಾದವು. ಎರಡು ದಿನದ ಜ್ವರಕ್ಕೆ ಇದು ಒಳ್ಳೆಯ ಏರ್ಪಾಡು. ಎಂಎಸ್‌ನಲ್ಲಿ ಉರಿಯೂತ ಸಣ್ಣಗೆ ವರ್ಷಗಟ್ಟಲೆ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮಿದುಳಿನೊಳಗಿನ ಮೈಕ್ರೋಗ್ಲಿಯಾ ಅನ್ನುವ ಕಾವಲು ಕಣಗಳು ಎಚ್ಚರವಾಗಿಯೇ ಉಳಿಯುತ್ತವೆ. ಮಾಮೂಲಿ ಎಂಆರ್‌ಐನಲ್ಲಿ ಈ ಕೆಂಡ ಕಾಣುವುದಿಲ್ಲ. ಆದ್ದರಿಂದ "ಹೊಸ ಕಲೆ ಇಲ್ಲ" ಮತ್ತು "ಸುಸ್ತು ಇದೆ" ಎರಡೂ ಒಟ್ಟಿಗೆ ನಿಜ ಆಗಬಹುದು.

ಇಂಟರ್‌ಫೆರಾನ್ ಕೂಡ ಸೈಟೋಕೈನೇ. ಹಿಂದೆ ಹೆಪಟೈಟಿಸ್ ಸಿ ಇದ್ದವರಿಗೆ ಇಂಟರ್‌ಫೆರಾನ್ ಆಲ್ಫಾ ಕೊಡುತ್ತಿದ್ದರು. ಅವರಿಗೆ ಎಂಎಸ್ ಇರಲಿಲ್ಲ, ಮಯಲಿನ್ ಸರಿಯಾಗಿಯೇ ಇತ್ತು. ಆದರೂ ವಿಪರೀತ ಸುಸ್ತು, ಬೇಸರ ಬರುತ್ತಿತ್ತು. ಬರೀ ಸೈಟೋಕೈನ್‌ನಿಂದಲೇ ಸುಸ್ತು ಹುಟ್ಟಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೆ ಒಂದು ತೊಡಕಿದೆ. ಎಂಎಸ್ ರೋಗಿಗಳ ರಕ್ತದಲ್ಲಿ ಸೈಟೋಕೈನ್ ಅಳೆದರೆ ಅದು ಸುಸ್ತಿನ ಜೊತೆ ಎಲ್ಲ ಅಧ್ಯಯನಗಳಲ್ಲೂ ತಾಳೆಯಾಗುವುದಿಲ್ಲ. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ.

ಈಗ ಗಾಯ ಎಲ್ಲಿದೆ ಅನ್ನುವ ಪ್ರಶ್ನೆ. ಕಲೆಗಳ ಒಟ್ಟು ಗಾತ್ರಕ್ಕೂ ಸುಸ್ತಿಗೂ ನಂಟು ತುಂಬಾ ಸಡಿಲ. ಹತ್ತು ಕಲೆ ಇದ್ದವರು ಆಫೀಸಿಗೆ ಹೋಗುತ್ತಿರುತ್ತಾರೆ, ಮೂರು ಕಲೆ ಇದ್ದವರು ಹಾಸಿಗೆ ಬಿಟ್ಟು ಏಳುವುದಿಲ್ಲ. ಜಾಗ ಮುಖ್ಯ. 1997ರಲ್ಲಿ ಒಂದು ಪೆಟ್ ಸ್ಕ್ಯಾನ್ ಅಧ್ಯಯನ ಬಂತು. ಸುಸ್ತು ಇರುವ ಎಂಎಸ್ ರೋಗಿಗಳ ಮಿದುಳಿನ ಮುಂಭಾಗ ಮತ್ತು ಒಳಗಿನ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಗಂಟುಗಳು ಗ್ಲೂಕೋಸನ್ನು ಕಡಿಮೆ ಬಳಸುತ್ತಿದ್ದವು. ಮಿದುಳಿನ ನಡುವಿನ ಥಲಾಮಸ್ ಅನ್ನುವ ಭಾಗ ಕುಗ್ಗಿರುವುದನ್ನೂ ಆಮೇಲೆ ಹಲವರು ನೋಡಿದ್ದಾರೆ. ಮುಂಭಾಗ, ಈ ಗಂಟುಗಳು, ಥಲಾಮಸ್, ಮತ್ತೆ ಮುಂಭಾಗ, ಹೀಗೆ ಒಂದು ಸುತ್ತು ಇದೆ. "ಈ ಕೆಲಸಕ್ಕೆ ಇಷ್ಟು ಶ್ರಮ ಹಾಕಬಹುದಾ, ಸಿಗುವ ಫಲ ಅಷ್ಟಿದೆಯಾ" ಅಂತ ನಮಗೆ ಗೊತ್ತಿಲ್ಲದೆಯೇ ಲೆಕ್ಕ ಹಾಕುವುದು ಈ ಸುತ್ತು. ಅದರ ಮುಖ್ಯ ರಾಸಾಯನಿಕ ಡೋಪಮೈನ್. ಅಲ್ಲಿ ಏರುಪೇರಾದರೆ ಸ್ಟವ್ ಆರಿಸುವ ಕೆಲಸವೂ ಬೆಟ್ಟ ಹತ್ತುವಷ್ಟು ದುಬಾರಿ ಕಾಣುತ್ತದೆ. ಇದು ಊಹೆಯ ಹಂತದಲ್ಲೇ ಇದೆ. ಆದರೆ ಮೇಡಂ ಬರೆದ "ಕೈ ಏಳಲಿಲ್ಲ" ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಹಳೇಮೇಷ್ಟ್ರು

ಭೇಷ್. ಒಂದು ಸೇರಿಸುತ್ತೇನೆ. ಎಂಎಸ್ ಇರುವವರಿಗೆ ಸ್ಕ್ಯಾನರ್ ಒಳಗೆ ಬೆರಳು ಮಡಚಿ ಬಿಡಿಸಿ ಅಂದರೆ, ಬೇರೆಯವರಿಗಿಂತ ಮಿದುಳಿನ ಜಾಸ್ತಿ ಭಾಗ ಕೆಲಸಕ್ಕೆ ಇಳಿಯುವುದು ಕಾಣುತ್ತದೆ. ಒಬ್ಬ ಹೊರುವ ಮೂಟೆಗೆ ನಾಲ್ಕು ಜನ ಕೈ ಹಾಕಿದ ಹಾಗೆ. ಮೂಟೆ ಏನೋ ಸಾಗುತ್ತದೆ, ಆದರೆ ಸಂಜೆಗೆ ನಾಲ್ವರೂ ದಣಿದಿರುತ್ತಾರೆ.

ಸಂಶಯಪಿಶಾಚಿ

ಕಥೆಗಳೆಲ್ಲ ಚೆನ್ನಾಗಿವೆ. ಆದರೆ ಕಾರಣ ಇಷ್ಟು ಗೊತ್ತಿದ್ದರೆ ಮಾತ್ರೆ ಯಾಕೆ ಕೆಲಸ ಮಾಡುವುದಿಲ್ಲ? 2021ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗ ನೋಡಿ. 141 ಎಂಎಸ್ ರೋಗಿಗಳು. ಸುಸ್ತಿಗೆ ಕೊಡುವ ಅಮಾಂಟಡಿನ್, ಮೋಡಾಫಿನಿಲ್, ಮಿಥೈಲ್‌ಫೆನಿಡೇಟ್, ಜೊತೆಗೆ ಖಾಲಿ ಮಾತ್ರೆ. ಎಲ್ಲರಿಗೂ ನಾಲ್ಕನ್ನೂ ಒಂದಾದ ಮೇಲೊಂದು ಕೊಡುವ ಯೋಜನೆ. ಫಲಿತಾಂಶ? ಮೂರು ಔಷಧಿಗಳಲ್ಲಿ ಒಂದೂ ಖಾಲಿ ಮಾತ್ರೆಯನ್ನು ಸೋಲಿಸಲಿಲ್ಲ. ಅಡ್ಡ ಪರಿಣಾಮ ಮಾತ್ರ ಔಷಧಿಗಳಲ್ಲೇ ಜಾಸ್ತಿ. ಡೋಪಮೈನ್ ಏರಿಸುವ ಮಾತ್ರೆಯೂ ಅದರಲ್ಲಿತ್ತು, ಗಮನಿಸಿ. ಹಾಗಾದರೆ ಇದರಲ್ಲಿ ಸುಮಾರು ಭಾಗ ಮನಸ್ಸಿನದ್ದೇ ಅಲ್ವಾ?

ಕಾವೇರಿತೀರ

ಮನಸ್ಸಿನದ್ದು ಅಂತ ನಾನೂ ಎರಡು ವರ್ಷ ಅಂದುಕೊಂಡಿದ್ದೆ ಸ್ವಾಮಿ. ಮನಸ್ಸು ಕಣ್ಣು ಮಂಜು ಮಾಡಿ, ಆಸ್ಪತ್ರೆ ಬಾಗಿಲಿಗೆ ಬಂದ ತಕ್ಷಣ ಸರಿ ಮಾಡುತ್ತದಾ?

ಸಂಶಯಪಿಶಾಚಿ

ಕೋಪ ಬೇಡ. ಕಣ್ಣಿನ ವಿಷಯ ಒಪ್ಪಿದೆ. ನಾನು ಕೇಳಿದ್ದು ಸುಸ್ತಿನ ವಿಷಯ.

ರಾತ್ರಿಪಾಳಿ

ಪ್ರಯೋಗದ ವಿವರ ಸರಿಯಾಗಿದೆ. ಅದು ಬಂದ ಮೇಲೆ ನಮ್ಮ ವಿಭಾಗದಲ್ಲೂ ಈ ಮಾತ್ರೆಗಳನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ನೀವು ತೆಗೆದ ತೀರ್ಮಾನ ಅಲ್ಲಿಂದ ಬರುವುದಿಲ್ಲ.

ಆ ಪ್ರಯೋಗದಲ್ಲಿ ಸುಸ್ತು ಇರುವವರನ್ನೆಲ್ಲ ಒಂದೇ ಚೀಲಕ್ಕೆ ಹಾಕಿದ್ದರು. ಒಬ್ಬರಿಗೆ ಸೋರುವ ನರದಿಂದ, ಒಬ್ಬರಿಗೆ ಕೆಂಡದ ಉರಿಯೂತದಿಂದ, ಇನ್ನೊಬ್ಬರಿಗೆ ರಾತ್ರಿ ನಿದ್ದೆ ಇಲ್ಲದೆ. ಎಲ್ಲರಿಗೂ ಒಂದೇ ಬೀಗದಕೈ ಹಾಕಿ ತಿರುವಿದರೆ ಬಾಗಿಲು ತೆರೆಯಲಿಲ್ಲ. ಅದರಿಂದ ಬೀಗವೇ ಇಲ್ಲ ಅನ್ನುವುದು ಹೇಗೆ? ಮತ್ತೆ ಖಾಲಿ ಮಾತ್ರೆಯಲ್ಲೂ ಸುಸ್ತಿನ ಅಂಕ ಸುಮಾರು ಇಳಿಯಿತು, ನಿಜ. ಅದು ಪ್ರಶ್ನಾವಳಿ. 21 ಪ್ರಶ್ನೆ, 84ಕ್ಕೆ ಅಂಕ, ತುಂಬುವುದು ರೋಗಿಯೇ. ಸುಸ್ತು ಏರಿ ಇಳಿಯುವ ಸರಕು. ತೀರಾ ಕೆಟ್ಟು ಹೋದಾಗ ಜನ ಪ್ರಯೋಗಕ್ಕೆ ಸೇರುತ್ತಾರೆ, ಆಮೇಲೆ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಒಳ್ಳೆಯದಾಗುತ್ತದೆ ಅನ್ನುವ ನಿರೀಕ್ಷೆಯೂ ಮಿದುಳಿನಲ್ಲಿ ಡೋಪಮೈನ್ ಬಿಡಿಸುತ್ತದೆ, ಪಾರ್ಕಿನ್ಸನ್ ರೋಗಿಗಳಲ್ಲಿ ಇದನ್ನು ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಹಾಗಾಗಿ "ಮನಸ್ಸಿನದ್ದು" ಅಂತ ಹೇಳಿದರೂ ನೀವು ತಿರುಗಿ ಬರುವುದು ಅದೇ ನರಗಳ ಗಂಟಿಗೆ.

2024ರ ಇನ್ನೊಂದು ಪ್ರಯೋಗದಲ್ಲಿ ಮೋಡಾಫಿನಿಲ್, ಫೋನಿನಲ್ಲಿ ಕೊಡುವ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ) ಆಪ್ತಸಲಹೆ, ಎರಡೂ ಒಟ್ಟಿಗೆ, ಹೀಗೆ ಮೂರು ಗುಂಪು ಮಾಡಿದರು. ಮೂರರಲ್ಲೂ ಸುಸ್ತು ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಆದರೆ ಅದರಲ್ಲಿ ಖಾಲಿ ಮಾತ್ರೆಯ ಗುಂಪು ಇರಲಿಲ್ಲ. ಆದ್ದರಿಂದ ಅದನ್ನು ನಾನೂ ಉಪ್ಪು ನೋಡಿಯೇ ತಿನ್ನುತ್ತೇನೆ.

ತುಂಬೆಹೂವು ಮೇಡಂ, ಈಗ ನಿಮಗೆ ನನ್ನ ಪ್ರಶ್ನೆ. ನಮ್ಮ ಓಪಿಡಿಯಲ್ಲಿ ಸುಸ್ತು ಅಂದವರಿಗೆ ಮೊದಲು ಕೇಳುವುದು ಇಷ್ಟೇ. ರಾತ್ರಿ ಹೇಗೆ? ಯಾವ ಯಾವ ಮಾತ್ರೆ ನಡೆಯುತ್ತಿದೆ? ರಕ್ತ ಪರೀಕ್ಷೆ ಕೊನೆಗೆ ಯಾವಾಗ ಆಯಿತು, ಅದರಲ್ಲಿ ಏನೇನಿತ್ತು?

ತುಂಬೆಹೂವು

ರಾತ್ರಿ ಹತ್ತಕ್ಕೆ ಮಲಗುತ್ತೇನೆ, ಆರಕ್ಕೆ ಏಳುತ್ತೇನೆ. ಎಂಟು ಗಂಟೆ ಹಾಸಿಗೆಯಲ್ಲೇ ಇರುತ್ತೇನೆ, ಹಾಗಾಗಿ ನಿದ್ದೆ ಸರಿಯಿದೆ ಅಂತಲೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಆದರೆ ಮಲಗಿದ ತಕ್ಷಣ ಮೀನಖಂಡದಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ. ಕಾಲು ಆಡಿಸಲೇಬೇಕು ಅನ್ನಿಸುತ್ತದೆ. ಎದ್ದು ಹಾಲ್‌ನಲ್ಲಿ ಎರಡು ಸುತ್ತು ಹಾಕಿದರೆ ಸರಿಹೋಗುತ್ತದೆ, ಮಲಗಿದರೆ ಮತ್ತೆ ಶುರು. ಇದನ್ನು ಎಂಎಸ್ ಜೋಮು ಅಂತ ಸುಮ್ಮನಿದ್ದೆ. ಮೂತ್ರಕ್ಕೆ ಎರಡು ಸಲ ಏಳುತ್ತೇನೆ.

ಬಿಗಿತಕ್ಕೆ ಬ್ಯಾಕ್ಲೋಫೆನ್, ಬೆಳಿಗ್ಗೆ ಮತ್ತು ರಾತ್ರಿ. ರಕ್ತ ಪರೀಕ್ಷೆಯಲ್ಲಿ ಲಿವರ್ ಮತ್ತು ಬಿಳಿಕಣ ಮಾತ್ರ ನೋಡುತ್ತಾರೆ, ಎಂಎಸ್ ಮಾತ್ರೆಗೋಸ್ಕರ. ತಿಂಗಳ ಮುಟ್ಟು ಜಾಸ್ತಿಯೇ. ಇದನ್ನು ನರದ ಡಾಕ್ಟರ ಹತ್ತಿರ ಹೇಳುವುದು ಅಂತ ಹೊಳೆದೇ ಇರಲಿಲ್ಲ.

ರಾತ್ರಿಪಾಳಿ

ಇದನ್ನೇ ಮೊದಲ ಪೋಸ್ಟ್‌ನಲ್ಲಿ ಬರೆದಿದ್ದರೆ ನಾವು ಡೋಪಮೈನ್ ತನಕ ಹೋಗುತ್ತಲೇ ಇರಲಿಲ್ಲವೇನೋ! ಅಥವಾ ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದೆವು, ನೋಡಿ.

ಮಲಗಿದಾಗ ಬಂದು, ನಡೆದರೆ ಹೋಗುವ ಈ ಕಾಲಿನ ಚಡಪಡಿಕೆಗೆ ರೆಸ್ಟ್‌ಲೆಸ್ ಲೆಗ್ಸ್ ಅನ್ನುತ್ತಾರೆ. ಎಂಎಸ್ ಜೋಮು ನಡೆದರೂ ಹಾಗೆಲ್ಲ ಹೋಗುವುದಿಲ್ಲ. ಎಂಎಸ್ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ. ಕಬ್ಬಿಣದ ಅಂಶ ಕಡಿಮೆಯಾದರೂ ಬರುತ್ತದೆ, ಇದ್ದದ್ದು ಹೆಚ್ಚೂ ಆಗುತ್ತದೆ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಹೀಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು. ಅದು ಜೇಬಿನಲ್ಲಿರುವ ಕಾಸು. ಮನೆಯ ಕಣಜ ನೋಡಬೇಕಾದರೆ ಫೆರಿಟಿನ್ ಬರೆಸಿ. ಲ್ಯಾಬಿನವರು ಹತ್ತು ಹದಿನೈದು ಇದ್ದರೂ ನಾರ್ಮಲ್ ಅಂತ ಮುದ್ರಿಸಬಹುದು. ಆದರೆ ರೆಸ್ಟ್‌ಲೆಸ್ ಲೆಗ್ಸ್ ಇದ್ದವರಿಗೆ 75ರ ಒಳಗಿದ್ದರೂ ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಪರೀಕ್ಷೆ ಇಲ್ಲದೆ ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ಕಬ್ಬಿಣ ಜಾಸ್ತಿಯಾದರೂ ಕೆಟ್ಟದ್ದೇ.

ಜೊತೆಗೆ ಥೈರಾಯ್ಡ್, ಬಿ12, ವಿಟಮಿನ್ ಡಿ. ಮಾಂಸ ಮೊಟ್ಟೆ ತಿನ್ನದ ನಮ್ಮ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಬಿ12 ಕೊರತೆ ತಾನೇ ಮಯಲಿನ್‌ಗೆ ಏಟು ಹಾಕುತ್ತದೆ, ಅದಕ್ಕೆ ಎಂಎಸ್ ಬೇಕಾಗಿಲ್ಲ. ಇಂಟರ್‌ಫೆರಾನ್ ತೆಗೆದುಕೊಂಡವರಲ್ಲಿ ಥೈರಾಯ್ಡ್ ಕೆಡುವುದೂ ಉಂಟು. ಬ್ಯಾಕ್ಲೋಫೆನ್ ಬಿಗಿತ ಇಳಿಸುತ್ತದೆ, ಹಾಗೇ ಮಂಪರೂ ತರುತ್ತದೆ, ಬಲವನ್ನೂ ಕುಗ್ಗಿಸುತ್ತದೆ. ಬೆಳಗಿನ ಮಾತ್ರೆಯ ಸಮಯ ಬದಲಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ.

ಡಬ್ಲಿನ್‌ಕನ್ನಡಿಗ

ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಜೊತೆ ನುಂಗಬೇಡಿ ಅಕ್ಕ. ಮೈ ಹೀರುವುದು ತುಂಬಾ ಕಡಿಮೆಯಾಗುತ್ತದೆ. ನನ್ನ ಹೆಂಡತಿ ಆರು ತಿಂಗಳು ಫಿಲ್ಟರ್ ಕಾಫಿಗೆ ಕಬ್ಬಿಣ ಕುಡಿಸಿದ್ದಳು.

ಇನ್ನೊಂದು, ವ್ಯಾಯಾಮ. ನನಗೆ ಕಾಯಿಲೆ ಗೊತ್ತಾದಾಗ ಊರಿನಲ್ಲಿ ಎಲ್ಲರೂ "ಆಯಾಸ ಮಾಡಿಕೊಳ್ಳಬೇಡ" ಅಂದಿದ್ದರು. ಹಿಂದೆ ಡಾಕ್ಟರುಗಳೂ ಹಾಗೇ ಅನ್ನುತ್ತಿದ್ದರಂತೆ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಎಂಎಸ್ ಇರುವವರಿಗೆ 15 ವಾರ ಸೈಕಲ್ ತುಳಿಯುವಂಥ ವ್ಯಾಯಾಮ ಮಾಡಿಸಿ ನೋಡಿದರು. ಕಾಯಿಲೆ ಕೆರಳಲಿಲ್ಲ, ಸುಸ್ತೂ ಸ್ವಲ್ಪ ಕಡಿಮೆಯಾಯಿತು. ಸುಮ್ಮನೆ ಕೂತರೆ ಸ್ನಾಯುವೂ ಸೊರಗುತ್ತದೆ, ಆಗ ನರದ ಸುಸ್ತಿಗೆ ಸ್ನಾಯುವಿನ ಸುಸ್ತು ಸೇರಿಕೊಳ್ಳುತ್ತದೆ. ನಾನು ಫ್ಯಾನ್ ಹಾಕಿಕೊಂಡು ಹತ್ತೇ ನಿಮಿಷ ತುಳಿಯುತ್ತೇನೆ. ಇಪ್ಪತ್ತು ತುಳಿದರೆ ಮರುದಿನ ದಂಡ ಕಟ್ಟಬೇಕು.

ಒಗ್ಗರಣೆ

ಎಂಎಸ್‌ಗೆ ಯಾವುದೋ ವೈರಸ್ ಕಾರಣ ಅಂತ ಓದಿದ್ದೆ. ಸುಸ್ತೂ ಅದರದ್ದೇ ಇರಬಹುದಾ?

ಸಂಶಯಪಿಶಾಚಿ

ಎಪ್‌ಸ್ಟೀನ್ ಬಾರ್ ವೈರಸ್. 2022ರ ಅಧ್ಯಯನ. ಅಮೆರಿಕದ ಸೈನ್ಯದಲ್ಲಿದ್ದ ಒಂದು ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿದರು. ಈ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು. ಇದನ್ನು ನಾನೂ ಒಪ್ಪುತ್ತೇನೆ, ಅಪರೂಪಕ್ಕೆ. ಆದರೆ ಅದು ಕಾಯಿಲೆ ಶುರುವಾಗುವ ಲೆಕ್ಕ. ಹನ್ನೊಂದು ಗಂಟೆಯ ಸುಸ್ತಿಗೆ ಅದೇ ಕಾರಣ ಅಂತ ಅಲ್ಲಿ ಯಾರೂ ಹೇಳಿಲ್ಲ.

ತುಂಬೆಹೂವು (ಒಂಬತ್ತು ವಾರದ ನಂತರ)

ಯಾರಾದರೂ ಇನ್ನೂ ನೋಡುತ್ತಿದ್ದೀರಾ? ವರದಿ ಒಪ್ಪಿಸಬೇಕು.

ಹೀಮೋಗ್ಲೋಬಿನ್ 11.6. "ಸ್ವಲ್ಪ ಕಮ್ಮಿ, ಪರವಾಗಿಲ್ಲ" ಅನ್ನುವಂಥದ್ದು. ಫೆರಿಟಿನ್ 9. ಕಣಜ ಗುಡಿಸಿ ಇಟ್ಟ ಹಾಗಿತ್ತು. ಬಿ12 ಕೂಡ ಕಡಿಮೆ. ಥೈರಾಯ್ಡ್ ಸರಿಯಿದೆ. ಕಬ್ಬಿಣ ಶುರುವಾಗಿ ಏಳು ವಾರ. ಕಾಫಿಗೂ ಮಾತ್ರೆಗೂ ಎರಡು ಗಂಟೆ ದೂರ ಇಟ್ಟಿದ್ದೇನೆ. ಸ್ತ್ರೀರೋಗ ತಜ್ಞರನ್ನೂ ನೋಡಿದೆ, ಅದಕ್ಕೆ ಬೇರೆ ಚಿಕಿತ್ಸೆ ನಡೆಯುತ್ತಿದೆ. ಬೆಳಗಿನ ಬ್ಯಾಕ್ಲೋಫೆನ್ ಡೋಸನ್ನು ಡಾಕ್ಟರು ನಿಧಾನವಾಗಿ ಇಳಿಸಿದರು.

ಇರುವೆ ಓಡಾಟ ಪೂರ್ತಿ ನಿಂತಿಲ್ಲ. ವಾರಕ್ಕೆ ಏಳು ದಿನ ಇದ್ದದ್ದು ಈಗ ಎರಡು ದಿನ. ಹಾಲ್‌ನಲ್ಲಿ ಸುತ್ತು ಹಾಕುವುದು ಕಡಿಮೆಯಾಗಿದೆ, ನಮ್ಮ ಬೆಕ್ಕಿಗೆ ಬೇಜಾರು. ಬೆಳಿಗ್ಗೆ ಎದ್ದಾಗ ಮೊದಲಿನ ಭಾರ ಇಲ್ಲ.

ಆದರೆ ಹನ್ನೊಂದು ಗಂಟೆಯದ್ದು ಹೋಗಲಿಲ್ಲ. ಅದು ಬೇರೆಯದೇ. ನಿದ್ದೆ ಚೆನ್ನಾಗಿ ಆದ ದಿನವೂ ಬರುತ್ತದೆ. ಮೇಷ್ಟ್ರು ಹೇಳಿದ್ದು ನೆನಪಾಗಿ ಅಡುಗೆಮನೆಗೆ ಒಂದು ಥರ್ಮಾಮೀಟರ್ ತೂಗುಹಾಕಿದೆ. ಹನ್ನೊಂದಕ್ಕೆ 36 ಡಿಗ್ರಿ! ಈಗ ಅಡುಗೆ ಏಳೂವರೆಗೆ ಮುಗಿಸುತ್ತೇನೆ. ಕುತ್ತಿಗೆಗೆ ಒದ್ದೆ ಟವೆಲ್. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ. ಹೀಗೆ ಮಾಡಿದ ದಿನ ಸುಸ್ತು ಹನ್ನೊಂದಕ್ಕೆ ಬರುವುದಿಲ್ಲ, ಎರಡು ಗಂಟೆಗೆ ಬರುತ್ತದೆ. ಬರುವುದಂತೂ ಬರುತ್ತದೆ. ಅದು ಯಾವ ಬಾಬ್ತು, ಕೆಂಡದ್ದಾ ಗಂಟಿನದ್ದಾ, ಗೊತ್ತಿಲ್ಲ.

ಹಳೇಮೇಷ್ಟ್ರು

ಮೂರು ಗಂಟೆ ಗಳಿಸಿದಿರಿ. ನನಗೆ ನಿಮ್ಮ ಥರ್ಮಾಮೀಟರ್ ಬಹಳ ಹಿಡಿಸಿತು. ಎರಡು ಗಂಟೆಯದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ ತಾಯಿ. ಊಟ, ಬಿಸಿಲು, ಹಿಂದಿನ ರಾತ್ರಿ, ಮುಟ್ಟಿನ ದಿನ. ಒಂದು ತಿಂಗಳು ಸಾಕು.

ಕಾವೇರಿತೀರ

ಅಕ್ಕಾ, ಇನ್ನೊಂದು ವಿಷಯ ಗೊತ್ತಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಎಂಎಸ್ ಹೆಸರಿದೆ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ನಾವು ಹೋದಾಗ ಅಲ್ಲಿದ್ದವರು "ನಡೆದುಕೊಂಡೇ ಬಂದಿದ್ದಾರಲ್ಲ" ಅಂದರು. ಹೌದು, ಬೆಳಿಗ್ಗೆ ಒಂಬತ್ತಕ್ಕೆ ನಡೆದುಕೊಂಡೇ ಹೋಗಿದ್ದಳು. ಸರತಿ ಬಂದದ್ದು ಒಂದೂವರೆಗೆ. ವಾಪಸ್ ಬರುವಾಗ ನಾನು ಎತ್ತಿಕೊಂಡು ಆಟೋ ಹತ್ತಿಸಿದೆ. ಅದನ್ನು ನೋಡಲು ಅವರು ಹೊರಗೆ ಬರಲಿಲ್ಲ.

ತುಂಬೆಹೂವು

ಹಾಗಾದರೆ ನಾನು ಎರಡು ಗಂಟೆಯ ಸರತಿಯನ್ನೇ ಕೇಳುತ್ತೇನೆ ಬಿಡಿ.

ಅಂದ ಹಾಗೆ ಈ ಇಡೀ ಚರ್ಚೆಯನ್ನು ಅತ್ತೆಗೆ ಓದಿ ಹೇಳಿದೆ. ಡೋಪಮೈನ್, ಸೈಟೋಕೈನ್ ಅಂದಾಗ ಸುಮ್ಮನೆ ತಲೆ ಆಡಿಸಿದರು. ನಾಲೆ ಮತ್ತು ಕೊನೆಯ ಗದ್ದೆ ಅಂದಾಗ ಓದುವುದನ್ನು ನಿಲ್ಲಿಸು ಅಂದರು. ಅವರ ತವರಿನ ಗದ್ದೆ ಅದೇ ನಾಲೆಯ ಕೊನೆಯಲ್ಲಿತ್ತಂತೆ. ಈಗ ಬೆಳಿಗ್ಗೆ ಕುಕ್ಕರ್ ಇಟ್ಟಾಗ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಏನೂ ಹೇಳುವುದಿಲ್ಲ, ವಿಷಲ್ ಮಾತ್ರ ಎಣಿಸುತ್ತಾರೆ.